ಅಕ್ಕನ ಎಲುಬು, ನನ್ನ ವಿಜ್ಞಾನ

ಈ ಮುಂಜಾನೆ ಬಡಿಗ ಬಂದು ನಮ್ಮ ಅಡಿಗೆಮನೆಯ ಹಲಗೆಯನ್ನು ಗೋಡೆಯಿಂದ ಕಿತ್ತು ಒಂದು ಗೇಣು ಕೆಳಗೆ ಬಡಿದ. ಮನೆಯ ತುಂಬ ಗೋಡೆ ಕೊರೆದ ಪುಡಿಯ ವಾಸನೆ. “ಚೊಲೋ ಇದ್ದ ಹಲಗೀನ ಯಾಕ್ರಿ ಸರ ಕೆಳಗ ಇಳಸ್ತೀರಿ?” ಎಂದ.

“ಅಕ್ಕಗ ನಿಲುಕೂದಿಲ್ಲಪಾ.”

“ಮೊದಲ ನಿಲುಕತಿತ್ತಲ್ರಿ?”

ನಾನು ಚಹಾದ ನೆಪ ಮಾಡಿ ಎದ್ದೆ. ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವು ಕುಂದಗೋಳದ ಸಂತೆಯಲ್ಲಿ ನನಗೆ ಎದುರಾಗುವವರಲ್ಲ ಎಂಬ ಧೈರ್ಯದ ಮೇಲೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನು. ನಿವೃತ್ತಿಯಾದ ಮೇಲೆ ವಿದ್ಯಾರ್ಥಿಗಳು ಹೋದರು, ಕಲಿಸುವ ಚಟ ಮಾತ್ರ ಉಳಿಯಿತು. ಅಕ್ಕ ಗಂಗವ್ವ ನನ್ನನ್ನು ಎತ್ತಿ ಆಡಿಸಿದವಳು. ಭಾವ ತೀರಿಕೊಂಡ ಮೇಲೆ ಗಂಡನ ಊರು ತಂಬೂರಿನಿಂದ ನಮ್ಮ ಮನೆಗೆ ಬಂದಳು. ಒಂದು ದಿನ ಬಚ್ಚಲ ಹೊಸ್ತಿಲಿಗೆ ಎಡವಿ ಕೈಯೂರಿದಳು, ಮಣಿಕಟ್ಟು ಮುರಿಯಿತು. ಹುಬ್ಬಳ್ಳಿಯ ಎಲುಬಿನ ಡಾಕ್ಟರಬಾಯಿ ಪರೀಕ್ಷೆ ಮಾಡಿಸಿ, ಎಲುಬು ಸವೆದಿವೆ, ಆರು ತಿಂಗಳಿಗೊಂದು ಸೂಜಿ ಮಾಡಬೇಕು ಎಂದರು.

ನಾನು ಸುಮ್ಮನಿರಬೇಕಲ್ಲ? “ಎಲುಬಿನಾಗ ಕಳ್ಳರು ಹೊಕ್ಕಾರ ಅಕ್ಕಾ. ಎಲುಬು ತಿನ್ನೂ ಕೋಶ. ಅವನ್ನ ಈ ಸೂಜಿ ಕೊಲ್ಲತೈತಿ,” ಎಂದು ವಿವರಿಸಿದೆ.

ಡಾಕ್ಟರು ನಕ್ಕರು. “ಕಳ್ಳರಲ್ರಿ ಸರ. ಹಳೇ ಎಲುಬು ತಗಿಯೋ ಕೆಲಸದವರು. ಎಲುಬು ಕಟ್ಟೋ ಕೋಶಗಳಽ ಅವರನ್ನ ಕರೀತಾವ. ಕಟ್ಟೋರಿಂದ ಸಂದೇಶ ಬಂದಮ್ಯಾಲೆ ಸಣ್ಣ ಸಣ್ಣ ಕೋಶ ಕೂಡಿಕೊಂಡು, ತಿನ್ನೂ ದೊಡ್ಡ ಕೋಶ ಒಂದು ತಯಾರಾಗತೈತಿ. ಸಂದೇಶ ಭಾಳ ಆಗಬಾರದಂತ, ಅದನ್ನ ನಡಬರಕ ತಡದು ಹಿಡಿಯೋ ವಸ್ತೂನೂ ಮೈಯಾಗಽ ಐತ್ರಿ. ಮುಟ್ಟು ನಿಂತಮ್ಯಾಲೆ ಸಂದೇಶ ಹೆಚ್ಚಾಗತಾವ, ಹಿಡಿಯೂದು ಸಾಲೂದಿಲ್ಲ. ಈ ಸೂಜಿ ಯಾರನ್ನೂ ಕೊಲ್ಲೂದಿಲ್ಲ, ಸಂದೇಶ ಹಿಡೀತೈತಿ ಅಷ್ಟ.”

ಅಕ್ಕ ಕೇಳಿದಳು: “ಕಟ್ಟೋರಽ ಕೆಡವೋರನ್ನ ಕರೀತಾರೇನವ್ವಾ?”

“ಹೌದ್ರಿ ಅಮ್ಮಾ.”

“ಖರೆ ಐತಿ. ಹಳೇ ಗಿಲಾವು ಕೆದರದಽ ಹೊಸಾದು ಗ್ವಾಡಿ ಹಿಡಿಯೂದಿಲ್ಲ.”

ಶಾಲೆಯ ಮೆಟ್ಟಿಲು ಮೂರು ವರ್ಷ ಹತ್ತಿದವಳಿಗೆ ಒಂದು ಮಾತಿನಲ್ಲಿ ತಿಳಿದದ್ದು, ಮೂವತ್ತು ವರ್ಷ ಕಲಿಸಿದವನಿಗೆ ತಿಳಿಯಲಿಲ್ಲ. ನಾನು ತಲೆಯಾಡಿಸಿದೆ. ಮೇಷ್ಟರು ತಲೆಯಾಡಿಸಿದರೆ ತಿಳಿದಿದೆ ಎಂದೇ ಲೋಕ ನಂಬುತ್ತದೆ.

ಎರಡು ವರ್ಷದಲ್ಲಿ ನಾಲ್ಕು ಸೂಜಿಗಳಾದವು. ಅಕ್ಕ ಮತ್ತೆ ರೊಟ್ಟಿ ಬಡಿಯತೊಡಗಿದಳು. ಐದನೆಯ ಸೂಜಿಯ ದಿನವೇ ಅಣ್ಣಿಗೇರಿಯಲ್ಲಿ ನಿವೃತ್ತ ಶಿಕ್ಷಕರ ಕೂಟ ಬಂತು. ಅಲ್ಲಿ ನನ್ನ ಉಪನ್ಯಾಸ. ವಿಷಯ, ಕೇಳಿದರೆ ನಗುತ್ತೀರಿ, ಮುಪ್ಪಿನಲ್ಲಿ ಎಲುಬಿನ ಕಾಳಜಿ. ಸೂಜಿ ಬಿಟ್ಟು ಅಕ್ಕನನ್ನು ಅಲ್ಲಿಗೆ ಕರೆದೊಯ್ದೆ. ಸಾಲದ್ದಕ್ಕೆ ಭಾಷಣದ ನಡುವೆ ಅವಳನ್ನು ಎಬ್ಬಿಸಿ ನಿಲ್ಲಿಸಿ, “ನೋಡಿರಿ, ಇದು ವಿಜ್ಞಾನದ ಗೆಲುವು!” ಎಂದೆ. ಚಪ್ಪಾಳೆ ಬಿತ್ತು. ಅಕ್ಕ ನಾಚಿ ಸೆರಗು ಎಳೆದುಕೊಂಡಳು. ನನಗೊಂದು ಶಾಲು ಹೊದಿಸಿದರು.

ಆ ಶಾಲಿನ ಬಿಸಿ ತಲೆಗೇರಿತ್ತು. ಮರುವಾರ ನಾನೇ ಹೇಳಿದೆ: “ಸೂಜಿ ಇನ್ನ ಸಾಕು. ಎಲುಬು ಗಟ್ಟಿ ಆಗ್ಯಾವ.”

“ಡಾಕ್ಟರಬಾಯೀನ ಒಂದು ಮಾತು ಕೇಳೂಣೇನೋ?”

“ಅವರು ಓದಿದ್ದನ್ನ ನಾನೂ ಓದೇನಿ ಬೇ.”

ಓದಿರಲಿಲ್ಲ.

ಐದು ತಿಂಗಳ ಮೇಲೆ ಒಂದು ಮುಂಜಾನೆ ಅಕ್ಕ ಹಾಸಿಗೆ ಮಡಚಲು ಬಗ್ಗಿದಳು, ಬಗ್ಗಿದಲ್ಲೇ ಕೂತುಬಿಟ್ಟಳು. ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಬೆನ್ನಿನ ಎರಡು ಎಲುಬು ಕುಸಿದಿದ್ದವು. ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ಚಿತ್ರ ನೋಡಿದ ಡಾಕ್ಟರ ಮುಖದ ನಗು ಹೋಯಿತು.

“ಸೂಜಿ ಯಾಕ ಬಿಟ್ರಿ? ಇದನ್ನ ಹಂಗ ನಡಬರಕ ಬಿಡಬಾರದ್ರಿ. ಬಿಟ್ಟಮ್ಯಾಲೆ, ಇಷ್ಟು ದಿನ ತಡದಿದ್ದ ಸಂದೇಶ ಎಲ್ಲಾ ಒಮ್ಮೆಲೆ ಮುಟ್ಟತಾವ. ಕಾಯಕೋತ ಕುಂತ ಕೋಶ ಎಲ್ಲಾ ಕೂಡಿ ಎಲುಬಿಗೆ ಬಾಯಿ ಹಾಕತಾವ. ಯಾರು ಬಿಡು ಅಂದವರು?”

ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಮಲಗಿದಲ್ಲಿಂದಲೇ ಅಕ್ಕ ಅಂದಳು: “ನಾನಽ ಒಲ್ಲೆ ಅಂದ್ನಿರಿ. ಸೂಜಿ ಅಂದ್ರ ಅಂಜಿಕಿ.”

ಡಾಕ್ಟರು ಅದನ್ನೇ ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಪಿರಿಯಡ್ಡಿಗೆ ನಲವತ್ತು ನಿಮಿಷ ಮಾತಾಡಿದ ಬಾಯಿ ಅದು.

ಸೂಜಿ ಮತ್ತೆ ಶುರುವಾಯಿತು. ಅಕ್ಕ ಮೂರು ತಿಂಗಳು ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕಳೆದಳು. ಎದ್ದಾಗ ಮೂರು ಬೆರಳು ಗಿಡ್ಡಾಗಿದ್ದಳು. ಕೈ ಮೇಲೆತ್ತಿದರೆ ಈಗಲೂ ಬೆನ್ನು ಹಿಡಿಯುತ್ತದೆ. ಅವಳು ಪ್ರೀತಿಯಿಂದ ನನ್ನನ್ನು ಕಾಪಾಡಿದಳು, ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದುಕೊಂಡೆ. ತಪ್ಪು ತಿಳಿಯುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಹೋದ ವಾರ ಮತ್ತೆ ಸೂಜಿಗೆ ಹೋಗಿದ್ದೆವು. ನರ್ಸು ಕಾಗದ ನೋಡಿ, “ಅಜ್ಜಿ, ಹಟಾ ಮಾಡಬ್ಯಾಡ್ರಿ ಮತ್ತ. ಹಿಂದ ಒಮ್ಮೆ ಒಲ್ಲೆ ಅಂದು ಬೆನ್ನ ಮುರಕೊಂಡೀರಿ,” ಎಂದಳು. ಅಕ್ಕ ತಲೆ ತಗ್ಗಿಸಿ ತೋಳು ಚಾಚಿದಳು. ಪ್ರತಿ ಸಲವೂ ಈ ಮಾತು ಕೇಳಿರಬೇಕು. ನಾನು ಹೊರಗೆ ಪೇಪರು ಓದುತ್ತ ಕೂತಿರುತ್ತಿದ್ದೆ; ಈ ಸಲವಷ್ಟೇ ಒಳಗೆ ಬಂದಿದ್ದೆ.

ಡಾಕ್ಟರ ಮುಂದೆ ಹೋಗಿ ನಿಂತೆ. “ಅದನ್ನ ತಿದ್ದರಿ. ಅಕ್ಕ ಒಲ್ಲೆ ಅಂದಿರಲಿಲ್ಲ. ನಿಮ್ಮನ್ನ ಕೇಳೂಣು ಅಂದಿದ್ಲು. ಬಿಡಿಸಿದಾಂವ ನಾನು.”

ಅವರು ಕಾಗದ ಎಳೆದುಕೊಂಡರು. ಆ ಸಾಲನ್ನು ಹೊಡೆದುಹಾಕಿ ಮೇಲೆ ಬೇರೆ ಬರೆದರು. “ಏನ ಬರದ್ರಿ? ಓದ್ರೆವ್ವಾ,” ಎಂದಳು ಅಕ್ಕ. ಅವರು ಓದಿದರು: “ತಮ್ಮನ ಮಾತಿನಿಂದ ಬಿಟ್ಟದ್ದು.” ಅಕ್ಕ ಇನ್ನೊಮ್ಮೆ ಓದಿಸಿದಳು.

ಕುಂದಗೋಳದ ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕೂತಳು. ಆಮೇಲೆ ಹೊರಗೆ ನೋಡುತ್ತಲೇ ಅಂದಳು: “ಬೆನ್ನಿನ ಬ್ಯಾನಿ ತಡಕೋತಿದ್ನೋ. ಹಟಮಾರಿ ಅಂತ ಬರದಿದ್ರಲ್ಲ, ಅದು ಭಾಳ ಚುಚ್ಚತಿತ್ತು.”

“ಮತ್ತ ಯಾಕ ಅಂದಿ ಹಂಗ?”

“ನೀ ಹೇಳ್ತಿ ಅಂತ ಕಾದ್ನಿ.”