ಕಿಟಕಿಗೆ ಕಟ್ಟಿದ ಕಣದ ಟಾರ್ಪಾಲು

ಆ ಮಧ್ಯಾಹ್ನ ಮೂರು ಗಂಟೆಯಿಂದ ನಾಲ್ಕೂಕಾಲಿನವರೆಗೆ ನಡೆದದ್ದನ್ನು ನಾನು ಹಲವರಿಗೆ ಹೇಳಿದ್ದೇನೆ. ಏಣಿಯ ಮೇಲೆ ನಿಂತಿದ್ದ ಭಾಗಕ್ಕೆ ಬಂದಾಗ ಈಗಲೂ ಕೇಳುವವರು ನಗುತ್ತಾರೆ. ನಗುವಂಥದ್ದೇ. ಆದರೆ ನಮ್ಮ ಮನೆಯೊಳಗೇ ಈ ಕತೆ ಮೂರು ಬಗೆಯಾಗಿ ಬೆಳೆದಿರುವುದರಿಂದ, ನಾನು ಕಂಡಷ್ಟನ್ನು ಕಂಡ ಹಾಗೆ ಬರೆದಿಡುತ್ತೇನೆ.

ನಮ್ಮದು ಸೋಮವಾರಪೇಟೆಯಿಂದ ಸ್ವಲ್ಪ ದೂರದಲ್ಲಿರುವ ಸಣ್ಣ ಕಾಫಿ ತೋಟ. ಮನೆಯಲ್ಲಿ ನಾನು, ನನ್ನ ಹೆಂಡತಿ, ನನ್ನ ಅವ್ವ. ಮಗಳು ಮೈಸೂರಿನಲ್ಲಿ ಓದುತ್ತಾಳೆ, ಕಾಲೇಜಿನ ಹಾಕಿ ತಂಡದಲ್ಲಿ ಆಡುತ್ತಾಳೆ. ಅವಳಿಗೆ ಮೊದಲು ಬಡಿಗೆ ಹಿಡಿಸಿದ್ದು ನಾನಲ್ಲ, ಅವ್ವ. ತೋಟದಲ್ಲಿ ಕಸಿ ಮಾಡುವಾಗ, ಅಂದರೆ ಗಿಡ ಸವರುವಾಗ, ಕಡಿದು ಬಿದ್ದ ಕಾಫಿ ಗಿಡದ ರೆಂಬೆಗಳಲ್ಲಿ ತುದಿ ಬಾಗಿದ್ದೊಂದನ್ನು ಹುಡುಕಿ, ಸಿಪ್ಪೆ ಹೆರೆದು ಕೊಟ್ಟಿದ್ದರು. ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಎಳೆ ಕಿತ್ತಳೆಕಾಯಿ ಉರುಳಿಸಿ ಅಜ್ಜಿ ಮೊಮ್ಮಗಳು ಆಡುತ್ತಿದ್ದರು.

ಅವ್ವನ ಎಡಗಣ್ಣಿಗೆ ಈಗ ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ತಿಳಿಯುತ್ತದೆ. ಬಲಗಣ್ಣಿನ ಪೊರೆ ತೆಗೆಸಿದ್ದೇವೆ. ಆದರೆ ಒಳಗಿನ ಪದರವೂ ಸವೆಯುತ್ತಿದೆ ಎಂದು ಸೋಮವಾರಪೇಟೆಯ ಡಾಕ್ಟರು ಹೇಳಿದರು. "ಮುಂದಿನ ವರ್ಷಕ್ಕೆ ಎಷ್ಟು ಉಳಿಯುತ್ತೋ ಹೇಳೋಕಾಗಲ್ಲ. ನೋಡೋದೇನಿದ್ರೂ ಈಗ್ಲೇ ನೋಡ್ಲಿ" ಎಂದರು. ಮನೆಗೆ ಬರುವ ದಾರಿಯಲ್ಲಿ ಅವ್ವ, "ಮಗು ಆಡೋದ್ನ ಒಂದ್ಸಲ ನೋಡ್ಬೇಕು ಕಣ್ಲಾ. ಚೆಂಡೂ ಕಾಣ್ಬೇಕು" ಎಂದರು.

ಮೈಸೂರಿಗೆ ಹೋಗಿ ನೋಡುವಂತಿರಲಿಲ್ಲ. ಬಸ್ಸಾಗಲಿ ಕಾರಾಗಲಿ, ಹತ್ತು ತಿರುವು ದಾಟುವುದರೊಳಗೆ ಅವ್ವನಿಗೆ ವಾಂತಿ. ಪಂದ್ಯಗಳು ಮೊಬೈಲಿನಲ್ಲಿ ನೇರವಾಗಿ ಬರುತ್ತಿದ್ದವು. ತೋರಿಸಿದರೆ ಒಂದು ನಿಮಿಷ ಹಿಡಿದು ವಾಪಸು ಕೊಡುತ್ತಿದ್ದರು. "ಇರುವೆ ಸಾಲಲ್ಲಿ ನಮ್ಮ ಇರುವೆ ಯಾವ್ದು ಅಂತ ನೋಡ್ಲಿ?"

ಅದೇ ಸಮಯಕ್ಕೆ ಹತ್ತಿರದ ಹೋಮ್‌ಸ್ಟೇ ಒಂದು ಮುಚ್ಚಿತು. ಅವರ ಪ್ರೊಜೆಕ್ಟರನ್ನೂ ಎಂಟಡಿ ಅಗಲದ ಪರದೆಯನ್ನೂ ನಾನು ಕೊಂಡು ತಂದೆ. ಮೊದಲ ದಿನ ರಾತ್ರಿ ಊಟವಾದ ಮೇಲೆ ಹಾಕಿ ನೋಡಿದರೆ ಚಿತ್ರ ಅಚ್ಚುಕಟ್ಟಾಗಿ ಬಂತು. ಅವ್ವ ಆಗಲೇ ಮಲಗಿದ್ದರು. ಮಗಳ ಮುಂದಿನ ಪಂದ್ಯ ಇದ್ದದ್ದು ಭಾನುವಾರ ಮಧ್ಯಾಹ್ನ ಮೂರಕ್ಕೆ.

ತೊಂದರೆ ಎಲ್ಲಿದೆ ಎಂದು ಮಾರನೆಯ ಮಧ್ಯಾಹ್ನ ತಿಳಿಯಿತು. ನಡುಮನೆಯಲ್ಲಿ ಎಂಟಡಿ ಹಿಡಿಯುವ ಗೋಡೆ ಒಂದೇ. ಅದು ಪಡುವಣ ಗೋಡೆ, ಅದರ ನಡುವೆ ಕಣಕ್ಕೆ ಮುಖಮಾಡಿದ ದೊಡ್ಡ ಕಿಟಕಿ. ಪರದೆ ಆ ಕಿಟಕಿಯ ಮುಂದೆಯೇ ತೂಗಬೇಕು. ಮೂರು ಗಂಟೆಯ ಬಿಸಿಲು ನೇರ ಅದರ ಬೆನ್ನಿಗೆ ಬೀಳುತ್ತಿತ್ತು. ಪರದೆಯ ನಾಲ್ಕು ಅಂಚಿನಲ್ಲೂ ಬೆಳಕು ಸೋರಿತು, ಬಟ್ಟೆಯ ಮೂಲಕವೂ ಬಂತು. ಪ್ರೊಜೆಕ್ಟರು ಕಪ್ಪು ಬಣ್ಣವನ್ನು ಎಸೆಯಲಾರದು, ಕಪ್ಪೆಂದರೆ ಅದು ಬೆಳಕು ಹಾಕದೆ ಬಿಟ್ಟ ಜಾಗ. ಅಲ್ಲಿಗೆ ಹಿಂದಿನಿಂದ ಬಿಸಿಲು ಬಂದರೆ ಉಳಿಯುವುದು ಬೂದಿ ಬಣ್ಣ. ಪರೀಕ್ಷೆಗೆ ಹಾಕಿದ್ದ ಹಳೆಯ ಪಂದ್ಯದ ನೀಲಿ ಮೈದಾನ ತೊಳೆದ ಪಂಚೆಯಂತಾಯಿತು, ಆಟಗಾರರು ಅದರ ಮೇಲಿನ ಕಲೆಗಳಂತಾದರು.

"ಇರುವೆ ಹೋಗಿ ಹಲ್ಲಿ ಆಗಿದಾವೆ. ಅಷ್ಟೇ" ಎಂದರು ಅವ್ವ.

ನನಗೆ ಐದು ದಿನಗಳಿದ್ದವು. ಮೊದಲು ಕಿಟಕಿಯ ಗಾಜಿಗೆ ಹಳೆಯ ಪೇಪರನ್ನು ಎರಡು ಪದರ ಅಂಟಿಸಿದೆ. ಬಿಸಿಲು ಅದರಲ್ಲಿ ಹಳದಿಯಾಗಿ ಇಳಿಯಿತು. ಆಮೇಲೆ ಕಾಫಿ ತುಂಬುವ ಗೋಣಿಚೀಲ ಬಿಚ್ಚಿ ಕಟ್ಟಿದೆ. ನೇಯ್ಗೆಯ ಒಂದೊಂದು ಸಂದಿನಲ್ಲೂ ಒಂದೊಂದು ಚುಕ್ಕಿ ಬೆಳಕು. ಗೋಡೆಯ ಸುಣ್ಣವೇ ಬೆಳಕನ್ನು ಪರದೆಯ ಬೆನ್ನಿಗೆ ಎಸೆಯುತ್ತಿದೆ ಎಂದು ಗೊತ್ತಾದ ಮೇಲೆ, ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣದ ಡಬ್ಬ ತಂದೆ.

ಹೆಂಡತಿ ಡಬ್ಬದ ಮೇಲಿನ ಅಕ್ಷರ ಓದಿದಳು. "ರೀ, ಸಂಕ್ರಾಂತಿಗೆ ಎಲ್ಲಾರೂ ಮನೆಗೆ ಸುಣ್ಣ ಹೊಡಿತಾರೆ. ನೀವು ಮಸಿ ಬಳೀತೀರಾ?"

"ಪರದೆ ಹಿಂದೆ ಅಷ್ಟೇ. ಯಾರಿಗೂ ಕಾಣಲ್ಲ."

"ದೇವರಿಗೆ ಕಾಣುತ್ತೆ."

ಬಳಿದೆ. ಮಧ್ಯಾಹ್ನಗಳಲ್ಲಿ ಬಾಗಿಲು ಹಾಕಿಕೊಂಡು, ಕಣ್ಣು ಕತ್ತಲಿಗೆ ಒಗ್ಗುವವರೆಗೆ ನೆಲದ ಮೇಲೆ ಕುಳಿತಿರುತ್ತಿದ್ದೆ. ಆಮೇಲೆ ಬೆಳಕು ಎಲ್ಲೆಲ್ಲಿ ಸೋರುತ್ತದೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡುತ್ತಿದ್ದೆ. ಕಿಟಕಿಯ ಚೌಕಟ್ಟು ಮತ್ತು ಗೋಡೆಯ ನಡುವೆ ಒಂದು ಬಿರುಕು, ಮೇಲಿನ ಗವಾಕ್ಷಿ, ಹಿಂದೆ ಯಾವುದೋ ವೈರು ತೂರಿಸಿದ್ದ ತೂತು. ಬಿರುಕಿಗೆ ಮರದ ಪುಟ್ಟಿ, ಗವಾಕ್ಷಿಗೆ ರಟ್ಟು, ತೂತಿಗೆ ಬಟ್ಟೆಯ ಉಂಡೆ. ಶನಿವಾರದ ಹೊತ್ತಿಗೆ ಉಳಿದದ್ದು ಕಿಟಕಿ ಒಂದೇ.

ಆಗ ನನ್ನ ಕಣ್ಣು ಬಿದ್ದದ್ದು ಕಣದ ಟಾರ್ಪಾಲಿನ ಮೇಲೆ. ದಪ್ಪದ್ದು, ಕಡುಕಪ್ಪು, ಆ ವರ್ಷವೇ ತಂದದ್ದು. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಹಗಲು ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು ಸಂಜೆ ರಾಶಿ ಮಾಡಿ, ಇಬ್ಬನಿ ತಾಗದಂತೆ ಅದರಿಂದ ಮುಚ್ಚುತ್ತಿದ್ದೆವು. ಹಗಲಿಡೀ ಅದು ಮೂಲೆಯಲ್ಲಿ ಮಡಿಸಿ ಬಿದ್ದಿರುತ್ತಿತ್ತು. ಕಾಫಿ ಬೆಳೆಯುವವನ ಲೆಕ್ಕಾಚಾರ ನನ್ನದು: ಜನವರಿಯ ಹಗಲಿಗೆ ಟಾರ್ಪಾಲು ಬೇಡ, ಐದು ಗಂಟೆಗೆ ಬಿಚ್ಚಿ ಕೊಟ್ಟರಾಯಿತು.

ಕಣ ನೋಡಿಕೊಳ್ಳುವ ನಮ್ಮ ಮೇಸ್ತ್ರಿಗೆ ಇದು ಸರಿಬರಲಿಲ್ಲ. ಮನೆಯಲ್ಲಿ ಮಲಯಾಳ ಮಾತಾಡುವ, ನನಗಿಂತ ಹತ್ತು ವರ್ಷ ದೊಡ್ಡ ಮನುಷ್ಯ. "ಸಾರೇ, ಪಾರ್ಚ್‌ಮೆಂಟ್ ಇನ್ನೂ ಒಂದು ಬಿಸಿಲು ತಿನ್ಬೇಕು. ಟಾರ್ಪಾಲ್ ಕಣದಲ್ಲೇ ಇರ್ಲಿ. ಹೋದ ವರ್ಷ ಜನವರಿ ಮಳೆ ಮರೆತ್ರಾ?"

"ಒಂದೂಕಾಲು ಗಂಟೆ ಅಷ್ಟೇ ಮೇಸ್ತ್ರಿ. ಅವ್ವನಿಗೋಸ್ಕರ."

ಅವ್ವನ ಹೆಸರು ಹೇಳಿದ ಮೇಲೆ ಆತ ಒಪ್ಪಿದ, ಭಾನುವಾರ ಊಟವಾಗುತ್ತಲೇ ಬಂದು ಏಣಿ ಹಿಡಿದ. ಹೊರಗಿನಿಂದ, ಕಿಟಕಿಯ ಮೇಲಿನ ಸಾಲು ಮೊಳೆಗಳಿಗೆ ಟಾರ್ಪಾಲಿನ ಅಂಚಿನ ಲೋಹದ ಕಣ್ಣುಗಳನ್ನು ಸಿಕ್ಕಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಒಂದೇ ಎಳೆತಕ್ಕೆ ಬರುತ್ತಿತ್ತು. ಆದರೆ ಎರಡು ಪಕ್ಕದಲ್ಲಿ ಕೂದಲೆಳೆಯಷ್ಟು ಬೆಳಕು ಉಳಿಯಿತು. ಅದು ಹೋಗಲೆಂದು ಟಾರ್ಪಾಲನ್ನು ಕಿಟಕಿಯ ಸರಳುಗಳಿಗೆ ಹಗ್ಗದಿಂದ ಬಿಗಿದು, ಆರು ಕಡೆ ಗಂಟು ಹಾಕಿದೆ. ಒಳಗೆ ಬಂದು ನೋಡಿದೆ. ಸೂಜಿಮೊನೆಯಷ್ಟು ಬೆಳಕೂ ಇರಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಮೂರು ಗಂಟೆಗೆ ಪಂದ್ಯ ಶುರುವಾಯಿತು. ಅವ್ವ ಪರದೆಯಿಂದ ನಾಲ್ಕು ಮೊಳ ದೂರದಲ್ಲಿ ಬೆತ್ತದ ಕುರ್ಚಿಯಲ್ಲಿ ಕುಳಿತರು. ನೀಲಿ ಮೈದಾನ ನೀಲಿಯಾಗಿಯೇ ಕಂಡಿತು. ನಮ್ಮವರದು ಕೆಂಪು ಅಂಗಿ. ಐದಾರು ನಿಮಿಷವಾದ ಮೇಲೆ ಅವ್ವ ಕೈಯೆತ್ತಿ ತೋರಿಸಿದರು.

"ಅಗೋ. ಎಡಗಾಲು ಅಗಲ ಇಟ್ಟಳಲ್ಲ, ಅವಳೇ."

ಅವಳೇ. ಅಂಗಿಯ ನಂಬರು ನೋಡಿ ನನಗೆ ಗೊತ್ತಾಗುವ ಮೊದಲೇ ಅವ್ವ ನಿಲುವು ನೋಡಿ ಗುರುತಿಸಿದ್ದರು. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. "ಅತ್ತೆ, ಬಾಲ್ ಕಾಣುತ್ತಾ?" ಎಂದು ಕೇಳಿದಳು.

"ಒಂದೊಂದ್ಸಲ. ಸುಮ್ನಿರು, ಮಾತಾಡಿದ್ರೆ ಕಳೆದೋಗ್ತದೆ."

ಆಟದ ನಾಲ್ಕು ಪಾಳಿಗಳಲ್ಲಿ ಮೂರನೆಯದು ಮುಗಿದಾಗ ಎರಡೂ ಕಡೆಗೆ ಒಂದೊಂದು ಗೋಲು. ಕೊನೆಯ ಹದಿನೈದು ನಿಮಿಷ ಬಾಕಿ. ಬೇರೆ ಯಾವ ದಿನವಾದರೂ ನಡುಮನೆಯಲ್ಲಿ ಕುಳಿತವರಿಗೆ ಹೊರಗೆ ಮೋಡ ಕವಿದದ್ದು ತಿಳಿಯುತ್ತದೆ, ನೆಲದ ಮೇಲಿನ ಬಿಸಿಲು ಹೋಗುತ್ತದೆ. ಆ ದಿನ ನಮಗೆ ಏನೂ ತಿಳಿಯಲಿಲ್ಲ. ಆಕಾಶದ ಸುದ್ದಿ ಒಳಗೆ ಬರುವ ಪ್ರತಿ ಸಂದನ್ನೂ ನಾನೇ ಮುಚ್ಚಿದ್ದೆ.

ಮೇಸ್ತ್ರಿ ಬಾಗಿಲನ್ನು ದಡಬಡನೆ ಬಡಿದ. "ಸಾರೇ! ಟಾರ್ಪಾಲ್! ಹನಿ ಬಿತ್ತು!"

ನಾನು ಎದ್ದು ನಿಂತೆ, ಹೊರಡಲಿಲ್ಲ. ಟಾರ್ಪಾಲು ತೆಗೆದರೆ ಪರದೆ ಬೂದಿಯಾಗುತ್ತದೆ. ತೆಗೆಯದಿದ್ದರೆ ವರ್ಷದ ಅರೇಬಿಕಾ ಕಾಫಿ ಕಣದಲ್ಲಿ ಬಿದ್ದಿದೆ. ಎಷ್ಟು ಹೊತ್ತು ನಿಂತೆನೋ ನನಗೆ ತಿಳಿಯದು. ನಾಲ್ಕು ಉಸಿರಿನಷ್ಟು ಎಂದು ಹೆಂಡತಿ ಹೇಳುತ್ತಾಳೆ.

ಅವ್ವ ತಲೆ ತಿರುಗಿಸಲಿಲ್ಲ. "ಹೋಗ್ಲಾ, ಕಾಫಿ ನೋಡು. ಮಗು ಸಿಕ್ಕಿದ್ಲು, ಸಾಕು."

ಹೊರಗೆ ಮೇಸ್ತ್ರಿ ಒಬ್ಬನೇ ಹಲಗೆಯಿಂದ ಕಾಫಿ ಗೋರುತ್ತಿದ್ದ. ಹೆಂಡತಿ ಸೆರಗು ಸಿಕ್ಕಿಸಿ ಅವನ ಜೊತೆಗೂಡಿದಳು. ನಾನು ಏಣಿ ಹತ್ತಿದೆ. ಮೊಳೆಗಳಿಂದ ಕಣ್ಣುಗಳು ಸುಲಭವಾಗಿ ಕಳಚಿದವು. ಗಂಟುಗಳು ಬಿಚ್ಚಲಿಲ್ಲ. ನೆನೆದ ಹಗ್ಗ ಇನ್ನಷ್ಟು ಬಿಗಿಯಾಗಿತ್ತು, ಹಿಡಿಯುವವರಿಲ್ಲದ ಏಣಿ ಅಲುಗಾಡುತ್ತಿತ್ತು. ಒಂದು ಗಂಟು ಬಿಚ್ಚಿದೆ. ಎರಡನೆಯದಕ್ಕೆ ಹಲ್ಲು ಹಾಕಿದೆ.

"ಗಂಟಿಗೆ ಮುತ್ತು ಕೊಡ್ತಾ ಇದ್ದೀರಾ? ಕತ್ತಿ ಹಿಡ್ಕೊಳಿ!" ಹೆಂಡತಿ ಕೆಳಗಿನಿಂದ ಕೂಗಿ ಕತ್ತಿಯ ಹಿಡಿಯನ್ನು ನನ್ನತ್ತ ಚಾಚಿದಳು. ಉಳಿದ ಗಂಟುಗಳನ್ನು ಕತ್ತರಿಸಿದೆ. ಟಾರ್ಪಾಲು ನನ್ನ ತಲೆಯ ಮೇಲೆ ಬಿದ್ದು, ನಾನು ಅದರೊಳಗೆ ಸಿಕ್ಕಿಕೊಂಡೇ ಕೆಳಗಿಳಿದೆ.

ಮೂವರೂ ಎಳೆದು ರಾಶಿಗೆ ಹೊದಿಸಿದೆವು, ಅಂಚಿಗೆ ಕಲ್ಲು ಹೇರಿದೆವು. ಆಗ ಮಳೆ ನಿಜವಾಗಿ ಬಿತ್ತು. ಜಗಲಿಯ ಶೀಟಿನ ಮೇಲೆ ಅದರ ಸದ್ದಿಗೆ, ಮೇಸ್ತ್ರಿ ಬಾಯಿ ಆಡಿಸುತ್ತಿದ್ದದ್ದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಕೇಳದಿದ್ದದ್ದು ಒಳ್ಳೆಯದೇ ಆಯಿತು.

ಹತ್ತು ನಿಮಿಷವಾದ ಮೇಲೆ ಒಳಗೆ ಹೋದೆ. ಬೂದಿ ಬಣ್ಣದ ಪರದೆಯನ್ನೂ ಅದರ ಮುಂದೆ ಸುಮ್ಮನೆ ಕುಳಿತ ಅವ್ವನನ್ನೂ ಎದುರಿಸಲು ಸಿದ್ಧನಾಗಿ ಹೋಗಿದ್ದೆ. ಪರದೆ ಬೂದಿಯಾಗಿರಲಿಲ್ಲ. ಮಳೆಮೋಡ ಪಡುವಣದಲ್ಲಿ ಎಷ್ಟು ಕಪ್ಪಾಗಿ ನಿಂತಿತ್ತೆಂದರೆ ಬರಿಯ ಕಿಟಕಿಯಿಂದ ಬರುವ ಬೆಳಕು ಮುಸ್ಸಂಜೆಯಷ್ಟೂ ಇರಲಿಲ್ಲ. ಅಂಚಿನಲ್ಲಿ ತುಸು ಮಾಸಿತ್ತು, ನಡುವೆ ಚಿತ್ರ ಚೆನ್ನಾಗಿಯೇ ಇತ್ತು. ಕೆಂಪು ಅಂಗಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಅವ್ವ ಕುರ್ಚಿಯ ತುದಿಗೆ ಬಂದಿದ್ದರು.

"ಗೆದ್ರು" ಎಂದರು, ಮಳೆಯ ಮೇಲೆ ಗಂಟಲೆತ್ತಿ.

"ಗೋಲು ಯಾರದ್ದು? ನಮ್ಮವಳದ್ದಾ?"

"ಅಲ್ಲ ಕಣ್ಲಾ. ಇವಳು ಹೊಡಿಯೋ ಹಾಗೆ ಕೋಲೆತ್ತಿದ್ಲು. ಎಲ್ಲಾ ಇವಳ ಮೇಲೆ ಬಿದ್ರು. ಇವಳು ಹೊಡಿಲಿಲ್ಲ, ಪಕ್ಕಕ್ಕೆ ಮೆಲ್ಲಗೆ ತಳ್ಳಿದ್ಲು. ಅಲ್ಲೊಂದು ಜಡೆ ಹುಡುಗಿ ಇತ್ತು, ಅದು ಹೊಡಿತು. ಕಣದಲ್ಲಿ ನನಗೂ ಹಿಂಗೇ ಮೋಸ ಮಾಡ್ತಿದ್ಲು, ಕಳ್ಳಿ."

ನಾನು ಸಂಶಯದ ಮನುಷ್ಯ. ಯಾರಾದರೂ ಹೇಳಿದ್ದನ್ನು ಕೇಳಿ ಅವ್ವ ಹೀಗೆನ್ನುತ್ತಿದ್ದಾರೆಯೇ ಎಂದು ಯೋಚಿಸಿದೆ. ಆದರೆ ಆ ಮಳೆಯ ಸದ್ದಿನಲ್ಲಿ ಪ್ರೊಜೆಕ್ಟರಿನಿಂದ ಬರುವ ಆಟದ ವಿವರಣೆ ಒಂದಕ್ಷರವೂ ಕೇಳುವಂತಿರಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಂಡೇ ಹೇಳಿರಬೇಕು.

ಸಂಜೆ ಮಗಳ ಫೋನು ಬಂತು. "ಅಪ್ಪಾ, ಕೊನೇ ಪಾಸ್ ನೋಡಿದ್ರಾ?"

"ಇಲ್ಲ, ನಾನು ಏಣಿ ಮೇಲಿದ್ದೆ."

"ಏಣಿನಾ? ಮತ್ತೆ ಯಾರು ನೋಡಿದ್ದು?"

ಫೋನನ್ನು ಅವ್ವನ ಕೈಗೆ ಕೊಟ್ಟೆ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಎಡಗಾಲು ಅಷ್ಟು ಅಗಲ ಇಟ್ಟರೆ ಮುಂದೆ ಸೊಂಟ ಹಿಡಿಯುತ್ತದೆ ಎಂದು ಅವ್ವ ಬೈಯುವುದು ಅಡುಗೆಮನೆಯವರೆಗೆ ಕೇಳುತ್ತಿತ್ತು.

ಮರುವಾರ ನಾನು ಕಿಟಕಿಗೆಂದೇ ಪ್ರತ್ಯೇಕ ಕರಿಬಟ್ಟೆ ಹೊಲಿಸಿದೆ. ಗಂಟಿಲ್ಲ, ಹಗ್ಗವಿಲ್ಲ, ಒಳಗಿನಿಂದ ಎಳೆದರೆ ಬರುತ್ತದೆ. ಒಂದು ಪಕ್ಕದಲ್ಲಿ ಕೂದಲೆಳೆಯಷ್ಟು ಬೆಳಕು ಬಿಟ್ಟಿದ್ದೇನೆ, ಬೇಕೆಂದೇ. "ಬಟ್ಟೆ ಯಾಕೆ? ಈ ಸಲವೂ ಮಳೆ ಬರ್ಲಿ, ಚೆನ್ನಾಗಿ ಕಾಣ್ತದೆ" ಎಂದರು ಅವ್ವ. "ಅತ್ತೆ, ಸುಮ್ನಿರಿ, ಮೇಲಿರೋನು ಕೇಳಿಸ್ಕೊಂಡಾನು" ಎಂದು ನನ್ನ ಹೆಂಡತಿ ದೇವರ ಗೂಡಿನ ಕಡೆ ಕೈಮುಗಿದಳು.

ಕಣದ ಪಡುವಣ ಮೂಲೆಯಲ್ಲಿ ಒಂದು ಚೀಲದಷ್ಟು ಕಾಫಿ ನೆನೆದಿತ್ತು. ಮತ್ತೆ ಒಣಗಿಸಿದೆವು, ಆದರೆ ಬಣ್ಣ ಮಾಸಿತ್ತು, ಮುಗ್ಗಲು ವಾಸನೆ ಹಿಡಿದಿತ್ತು. ಮೇಸ್ತ್ರಿ ಅದನ್ನು ರಾಶಿಗೆ ಸೇರಿಸಲು ಬಿಡಲಿಲ್ಲ, ಬೇರೆ ಚೀಲಕ್ಕೆ ತುಂಬಿ, "ಇದು ಸಾರ್ ಮನೆಗೆ" ಎಂದು ಅಡುಗೆಮನೆಯ ಬಾಗಿಲಲ್ಲೇ ಇಟ್ಟು ಹೋದ. ಅದನ್ನೇ ಹುರಿಸಿ, ಪುಡಿ ಮಾಡಿಸಿ ಕುಡಿಯುತ್ತಿದ್ದೇವೆ. ಅಷ್ಟೇನೂ ಚೆನ್ನಾಗಿಲ್ಲ. ಅವ್ವ ಮಾತ್ರ ದಿನವೂ ಎರಡನೇ ಲೋಟ ಕೇಳುತ್ತಾರೆ.