ವೈಫೈಗೆ ಇಟ್ಟ ಹೆಸರು

ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದಾಳೆಂದು ಅವಳ ಅಪ್ಪನಿಗೆ ಗೊತ್ತಾದದ್ದು ಪದ್ದತ್ತೆಯಿಂದಲ್ಲ. ನನ್ನಿಂದ.

ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಕೆಲವು ವಿವರಗಳ ಬಗ್ಗೆ ನನಗೇ ಭರವಸೆಯಿಲ್ಲ. ಅವತ್ತು ಭಾವ ತೊಟ್ಟಿದ್ದ ಅಂಗಿ ನೀಲಿಯೋ ಬೂದು ಬಣ್ಣದ್ದೋ, ಅಮ್ಮ ಕಾಫಿಯ ಜೊತೆ ತಂದಿಟ್ಟದ್ದು ಕೋಡುಬಳೆಯೋ ಬಿಸ್ಕತ್ತೋ—ಒಂದೊಂದು ಸಲ ಒಂದೊಂದು ರೀತಿ ನೆನಪಾಗುತ್ತದೆ. ನಾನು ಇತಿಹಾಸ ಓದಿದವಳು. ಕಣ್ಣಾರೆ ಕಂಡವರೂ ತಮಗೆ ಬೇಕಾದಂತೆಯೇ ನೆನಪಿಟ್ಟುಕೊಳ್ಳುತ್ತಾರೆ ಎಂದು ತರಗತಿಯಲ್ಲಿ ಪಾಠ ಮಾಡುವವಳು. ಆದ್ದರಿಂದ ನನ್ನ ವಿವರಗಳನ್ನು ಪೂರ್ತಿ ನಂಬಬೇಡಿ. ಆದರೆ ಆ ಮೊದಲ ಸಾಲು—ಅದರಲ್ಲಿ ನನಗೆ ಸಂಶಯವಿಲ್ಲ.

ಮನೆಗಳಿಗೆ ವೈಫೈ ಆಗಷ್ಟೇ ಬರತೊಡಗಿದ್ದ ಕಾಲ. ನಾನಿನ್ನೂ ಎಂ.ಫಿಲ್. ಮಾಡುತ್ತಿದ್ದೆ. ಬಸವನಗುಡಿಯ ನಮ್ಮ ಮನೆಯ ನಡುಮನೆಯಲ್ಲಿ, ಅಪ್ಪನ ಪುಸ್ತಕದ ಬೀರುವಿನ ಮೇಲೆ, ಎರಡು ಕೊಂಬಿನ ಕರಿ ಡಬ್ಬವೊಂದು ಹಸಿರು ದೀಪ ಮಿಣುಕಿಸುತ್ತ ಕೂತಿತ್ತು. ಹಟ ಮಾಡಿ ಹಾಕಿಸಿಕೊಂಡವಳು ನಾನು. ಅದರ ಮರ್ಮ ಮನೆಯಲ್ಲಿ ನನ್ನೊಬ್ಬಳಿಗೇ ತಿಳಿದಿತ್ತು.

ಒಂದು ಬೆಳಿಗ್ಗೆ ಸುಧಕ್ಕ ತುಮಕೂರಿನಿಂದ ಬಂದಳು. ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್, ಬಲ ಹೆಗಲ ಮೇಲೆ ನಿದ್ದೆಹೋಗಿದ್ದ ಅನು. ಕೈ ಹೇಗೆ ಮುರಿಯಿತೆಂದು ಅಮ್ಮ ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ. ಅಕ್ಕ ಹೇಳಿದ್ದು ಇಷ್ಟೇ: "ನಾವಿಲ್ಲಿದೀವಿ ಅಂತ ಅವ್ರಿಗೆ ಹೇಳ್ಬೇಡಿ." ವಕೀಲರೂ ಅದನ್ನೇ ಹೇಳಿದರು. ಅರ್ಜಿ ಹಾಕುವ ತನಕ ಮಗು ತಾಯಿಯ ಹತ್ತಿರವೇ ಇರಬೇಕು, ಒಮ್ಮೆ ಗಂಡನ ಕೈಗೆ ಹೋದರೆ ವಾಪಸು ಪಡೆಯುವುದು ಕಷ್ಟ, ಎಂದು. ಭಾವ ಫೋನ್ ಮಾಡಿದಾಗ ಅಪ್ಪ ತಮ್ಮ ಜೀವಮಾನದಲ್ಲಿ ಬಹುಶಃ ಮೊದಲ ದೊಡ್ಡ ಸುಳ್ಳು ಹೇಳಿದರು. ಅವಳು ಇಲ್ಲಿಗೆ ಬಂದಿಲ್ಲ, ಮೈಸೂರಲ್ಲಿ ಯಾರೋ ಗೆಳತಿ ಮನೆಗೆ ಹೋಗಿದ್ದಾಳಂತೆ, ಮಗುವೂ ಜೊತೆಗಿದೆಯಂತೆ.

ಅಕ್ಕ, ಅನು ಮಹಡಿಯ ಕೋಣೆಯಲ್ಲಿದ್ದರು. ಅನು ರಸ್ತೆಗೆ ಇಳಿಯುವಂತಿಲ್ಲ, ಕಿಟಕಿಯಲ್ಲಿ ನಿಲ್ಲುವಂತಿಲ್ಲ. ಗೇಟಿನ ಮುಂದೆ ಆಟೋ ನಿಂತರೆ ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಲ್ಲುತ್ತಿತ್ತು. ಎಲ್ಲರಿಗೂ ಹೆಚ್ಚಿನ ಭಯ ಪದ್ದತ್ತೆಯದೇ. ಅಪ್ಪನ ಅಕ್ಕ ಅವರು, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದರು. ಪದ್ದತ್ತೆಯ ಕಿವಿಗೆ ಬಿದ್ದದ್ದು ಗಾಂಧಿಬಜಾರಿಗೆ ಬಿದ್ದ ಹಾಗೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಅತ್ತೆಯೂ ನಗುತ್ತಿದ್ದರು. "ಇರ್ಲಿ ಬಿಡೋ, ಪೇಪರ್ ದುಡ್ಡು ಉಳಿಯತ್ತಲ್ಲ ಬೀದಿಯೋರಿಗೆ" ಎನ್ನುತ್ತಿದ್ದರು.

ಆರು ವರ್ಷದ ಮಗುವನ್ನು ಮನೆಯೊಳಗೇ ಎಷ್ಟು ಹೊತ್ತು ಕೂಡಿಹಾಕುವುದು? ಒಂದು ಮಧ್ಯಾಹ್ನ ಅಕ್ಕ ಮಲಗಿದ್ದಾಗ ಅನು, ನಾನು ಕಂಪ್ಯೂಟರಿನ ಮುಂದೆ ಕೂತಿದ್ದಲ್ಲಿಗೆ ಬಂದು ತೊಡೆಯೇರಿದಳು.

"ಚಿಕ್ಕಿ, ಆ ಡಬ್ಬಕ್ಕೆ ಹೆಸ್ರೇ ಇಲ್ವಾ?"

"ಇದೆಯಲ್ಲ, ನೋಡು. ಕಂಪನಿಯೋರು ಇಟ್ಟಿದ್ದು."

"ಥೂ, ಬರೀ ನಂಬರ್ರು. ಬೂಂದಿರಾಣಿ ಅಂತ ಇಡು."

ನನಗೆ ನಗು ಬಂತು. ಅವಳೂ ನಕ್ಕಳು—ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಅವಳ ಬೆರಳಿನಿಂದಲೇ ಒತ್ತಿಸಿದೆ. ಡಬ್ಬದ ದೀಪಗಳು ಆರಿ ಮತ್ತೆ ಹತ್ತಿಕೊಂಡವು. ತೊಡೆಯಿಂದ ಇಳಿಯುವಾಗ, "ಅಮ್ಮಂಗೆ ಹೇಳ್ಬೇಡ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಮಕ್ಕಳ ಗುಟ್ಟು ಅಂದುಕೊಂಡೆ. ಅದು ಅವಳ ಅಪ್ಪ ಅವಳಿಗೆ ಇಟ್ಟ ಹೆಸರು. ಅವನೊಬ್ಬನೇ ಅವಳನ್ನು ಹಾಗೆ ಕರೆಯುತ್ತಿದ್ದ, ಅದೂ ಅವನು ಒಳ್ಳೆಯ ಮನಸ್ಥಿತಿಯಲ್ಲಿದ್ದಾಗ ಮಾತ್ರ. ಮಗು ಅಪ್ಪನನ್ನು ನೆನೆಯುತ್ತಿತ್ತು; ಬಾಯಿಬಿಟ್ಟು ಹೇಳುವುದಕ್ಕೆ ಹೆದರುತ್ತಿತ್ತು. ಇಷ್ಟೂ ನನಗೆ ಆಮೇಲೆ ತಿಳಿದದ್ದು.

ಆ ಹೆಸರು ಮನೆಯ ಹೊರಗೂ ಕಾಣುತ್ತದೆಂದು ತಿಳಿದಿರಲಿಲ್ಲವೇ? ತಿಳಿದಿತ್ತು. ಎದುರುಮನೆಯವರದು, ಹಿಂದಿನ ರಸ್ತೆಯವರದು ನನಗೂ ಕಾಣುತ್ತಿತ್ತಲ್ಲ. ತಿಳಿದಿದ್ದೂ ತಲೆಗೆ ಹೋಗಲಿಲ್ಲ.

ಅದೇ ವಾರ ಭಾವ ಬಂದರು. ಫೋನ್ ಮಾಡದೆ, ಒಬ್ಬರೇ, ಕೈಯಲ್ಲಿ ಹಣ್ಣಿನ ಚೀಲ ಹಿಡಿದುಕೊಂಡು. ಪದ್ದತ್ತೆ ಕಿಟಕಿಯಿಂದ ಕಂಡವರೇ ಅನುವನ್ನು ಎತ್ತಿಕೊಂಡು ಮಹಡಿ ಹತ್ತಿದರು. ಮೇಲೆ ಬಾಗಿಲು ಮುಚ್ಚಿದ್ದು ನನಗೆ ಕೇಳಿಸಿತು. ಭಾವನಿಗೂ ಕೇಳಿಸಿತೇ—ಗೊತ್ತಿಲ್ಲ. ಅಳಿಯನನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸುವುದು ನಮ್ಮ ಮನೆಯವರಿಗೆ ಗೊತ್ತಿರಲಿಲ್ಲ. ಮಗಳ ಕೈ ಮುರಿದವನಿಗೂ ಅಮ್ಮ ಕಾಲಿಗೆ ನೀರು ಕೊಟ್ಟರು, ಕಾಫಿ ಬೆರೆಸಿದರು. ಭಾವ ಏರಿದ ದನಿಯಲ್ಲಿ ಒಂದು ಮಾತೂ ಆಡಲಿಲ್ಲ. "ತಪ್ಪು ನಂದೇ ಮಾವ. ಎಲ್ಲಿದಾಳೆ ಅಂತ ತಿಳಿದ್ರೆ ಸಾಕು" ಎಂದರು. ಅಪ್ಪ ಮೈಸೂರಿನ ಕತೆಯನ್ನೇ ಇನ್ನೊಮ್ಮೆ ಹೇಳಿದರು. ಭಾವ ತಲೆದೂಗಿದರು. ಆಮೇಲೆ ಆಫೀಸಿನಲ್ಲಿ ಕೊಟ್ಟಿದ್ದ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಿಮ್ಮಲ್ಲಿ ವೈಫೈ ಇದೆ ಅಲ್ವಾ? ಒಂದು ಮೇಲ್ ನೋಡ್ಬೇಕಿತ್ತು."

"ಇದೆ, ಇದೆ" ಎಂದರು ಅಪ್ಪ, ಮಾತು ಬೇರೆ ಕಡೆ ತಿರುಗಿದ ನೆಮ್ಮದಿಯಲ್ಲಿ. "ಹಾಕ್ಕೊಡೇ ಅವ್ರಿಗೆ."

ನಾನು ಭಾವನ ಪಕ್ಕಕ್ಕೆ ಹೋಗಿ ನಿಂತೆ. ಪರದೆಯ ಮೇಲೆ ಮೂರೋ ನಾಲ್ಕೋ ಹೆಸರುಗಳು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಬಲವಾಗಿ—ಬೂಂದಿರಾಣಿ. ನನಗೆ ಇನ್ನೂ ಅದರ ಅರ್ಥ ಗೊತ್ತಿರಲಿಲ್ಲ. ಗೊತ್ತಾದದ್ದು ಅವರ ಬೆರಳನ್ನು ನೋಡಿ. ಒತ್ತಲು ಹೋದ ಬೆರಳು ಗಾಳಿಯಲ್ಲೇ ನಿಂತಿತ್ತು.

"ಇದ್ರಲ್ಲಿ ನಿಮ್ದು ಯಾವ್ದು?"

"ನಮ್ದು ಕಾಣ್ತಿಲ್ಲ ಭಾವ. ಇವತ್ತು ಬೆಳಿಗ್ಗೆಯಿಂದ ಬರ್ತಿಲ್ಲ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ಹೌದಾ" ಎಂದರು ನಿಧಾನಕ್ಕೆ. "ಇದ್ಯಾವ್ದೋ ಜೋರಾಗಿ ಬರ್ತಿದೆ ನೋಡು. ಪಕ್ಕದ ಮನೆಯೋರ್ದಿರ್ಬೇಕು." ಲ್ಯಾಪ್‌ಟಾಪ್ ಮುಚ್ಚಿದರು. ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದರು. ಹೊರಡುವಾಗ ಅಮ್ಮನಿಗೆ ನಮಸ್ಕಾರ ಮಾಡಿ, "ಕಾಫಿ ತುಂಬ ಚೆನ್ನಾಗಿತ್ತು ಅತ್ತೆ" ಎಂದರು.

ಅವರು ಗೇಟು ದಾಟಿದ ಮೇಲೆ ಅಪ್ಪ ಉಸಿರುಬಿಟ್ಟರು. "ನಂಬಿದಾನೆ ಕಣೆ, ಪಾಪ" ಎಂದರು ಅಮ್ಮನಿಗೆ. ಮಹಡಿಯಿಂದ ಅಕ್ಕ ಇಳಿದುಬಂದಳು, ಮುಖದಲ್ಲಿ ರಕ್ತವಿರಲಿಲ್ಲ. ಪದ್ದತ್ತೆ ಅಷ್ಟು ಹೊತ್ತೂ ಮಗುವಿನ ಕಿವಿಯಲ್ಲಿ ಪಿಸುಗುಟ್ಟುತ್ತ ಕತೆ ಹೇಳಿ ಅದರ ಬಾಯಿ ಮುಚ್ಚಿಸಿದ್ದರಂತೆ. ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು. ಆಗ ನಾನು ಬಾಯಿಬಿಡಬೇಕಿತ್ತು. ಭಾವ ನಂಬಿಲ್ಲ, ಮಗು ಇಲ್ಲೇ ಇದೆಯೆಂದು ಅವರಿಗೆ ತಿಳಿದುಹೋಗಿದೆ, ಈಗಲೇ ಇವರಿಬ್ಬರನ್ನೂ ಬೇರೆ ಎಲ್ಲಾದರೂ ಕಳಿಸಿ—ಇಷ್ಟೇ ಮಾತು. ಮೈಸೂರಿನ ಸುಳ್ಳನ್ನು ನಿಜ ಮಾಡುವುದಕ್ಕೂ ಸಮಯವಿತ್ತು.

ನಾನು ಕಂಪ್ಯೂಟರಿನ ಮುಂದೆ ಹೋಗಿ ಕೂತೆ. ಎರಡು ಸಲ ಪಾಸ್‌ವರ್ಡ್ ತಪ್ಪಾಯಿತು. ಹೆಸರು ಅಳಿಸಿ ಕಂಪನಿಯ ಹಳೆಯ ನಂಬರುಗಳನ್ನೇ ತಿರುಗಿ ಹಾಕಿದೆ. "ಏನೇ ಅದು?" ಎಂದರು ಅಪ್ಪ. "ಏನಿಲ್ಲಪ್ಪ. ನೆಟ್ ಸ್ಲೋ ಇದೆ." ಅಳಿಸಿಬಿಟ್ಟರೆ ಭಾವ ನೋಡಿದ್ದೂ ಅಳಿಸಿಹೋಗುತ್ತದೆ ಎಂದುಕೊಂಡೆನೋ ಏನೋ. ಅಥವಾ—ಇದು ಹೆಚ್ಚು ನಿಜವಿರಬೇಕು—ಆ ಗಳಿಗೆಯಲ್ಲಿ ನಾನು ಹೆದರಿದ್ದು ಅವರಿಗಲ್ಲ. ಅಕ್ಕನಿಗೆ. ಅವಳು ನನ್ನನ್ನು ನೋಡಬಹುದಾದ ರೀತಿಗೆ.

ಮರುದಿನ ಅನು ಪರದೆಯ ಮುಂದೆ ನಿಂತು ಕೇಳಿದಳು. "ಚಿಕ್ಕಿ, ನನ್ನ ಹೆಸ್ರು ಎಲ್ಲಿ ಹೋಯ್ತು?" ನಾನು ಅವಳ ಮೇಲೆ ರೇಗಿದೆ.

ನಂಬಿದ್ದಾನೆ ಎಂಬ ಧೈರ್ಯದಲ್ಲಿ ಮನೆಯವರು ಅನುವಿಗೆ ಸ್ವಲ್ಪ ಸಡಿಲ ಕೊಟ್ಟರು. ಶನಿವಾರ ಬೆಳಿಗ್ಗೆ ಪದ್ದತ್ತೆ ಅವಳನ್ನು ಹತ್ತಿರದ ಆಂಜನೇಯನ ಗುಡಿಗೆ ಕರೆದುಕೊಂಡು ಹೊರಟರು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ? ಬಾಯಿ ಮುಚ್ಚಿದೆ. ಅನು ಗೇಟಿನಿಂದ ತಿರುಗಿ ಕೈಬೀಸಿದಳೇ? ಬೀಸಿದಳೆಂದು ನೆನಪು. ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಗುಡಿಯ ಮುಂದೆ ಕಾರು ನಿಂತಿತ್ತು. ಭಾವ ಎತ್ತಿಕೊಂಡಾಗ ಅನು ಕಿರುಚಲಿಲ್ಲವಂತೆ. ಅಪ್ಪನ ಕೊರಳನ್ನು ತಬ್ಬಿಕೊಂಡಳಂತೆ. ಪದ್ದತ್ತೆ ಕಾರಿನ ಬಾಗಿಲು ಹಿಡಿದು ಜಗ್ಗಿ, ರಸ್ತೆಯಲ್ಲಿ ಬಿದ್ದು, ಮಂಡಿ ತರಚಿಕೊಂಡು ಮನೆಗೆ ಬಂದರು. ಅಕ್ಕ ಅವರ ಹಿಂದೆ ನೋಡಿದಳು. ಮತ್ತೆ ನೋಡಿದಳು. ಆ ಕೂಗನ್ನು ನಾನು ಬರೆಯಲಾರೆ.

ಸಂಜೆ, ಪೊಲೀಸ್ ಠಾಣೆಯಿಂದ ಬರಿಗೈಯಲ್ಲಿ ಬಂದ ಮೇಲೆ, ಅಪ್ಪ ಕೇಳಿದರು. "ಪದ್ದಕ್ಕ, ನಿಜ ಹೇಳ್ಬಿಡು. ಯಾರ ಹತ್ರ ಬಾಯಿಬಿಟ್ಟೆ?"

"ಯಾರ ಹತ್ರಾನೂ ಇಲ್ವಲ್ಲೋ. ದೇವ್ರಾಣೆ ಇಲ್ಲ."

ನನ್ನನ್ನು ಯಾರೂ ಕೇಳಲಿಲ್ಲ. ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಆದರೆ ಅಕ್ಕನ ಕಣ್ಣು ಒಬ್ಬೊಬ್ಬರ ಮೇಲೆ ಹಾಯ್ದು ನನ್ನ ಕಡೆಗೆ ಬರುತ್ತಿತ್ತು—ಅದು ಇನ್ನೇನು ತಲುಪುವುದರಲ್ಲಿತ್ತು—ನಾನು ಹೇಳಿಬಿಟ್ಟೆ.

"ಅತ್ತೆ, ಹೂವಿನ ಶಾರದಮ್ಮನ ಹತ್ರ ಗೇಟಲ್ಲಿ ನಿಂತು ದಿನಾ ಮಾತಾಡ್ತಿರ್ತೀರಲ್ಲ..."

ವಾಕ್ಯ ಮುಗಿಸಲೂ ಇಲ್ಲ. ಮುಗಿಸುವ ಅಗತ್ಯವಿರಲಿಲ್ಲ. ಪದ್ದತ್ತೆ ನನ್ನತ್ತ ತಿರುಗಿದರು. ಅವರ ಮುಖದಲ್ಲಿ ಮೊದಲು ಅಚ್ಚರಿ ಬಂತು. ಆಮೇಲೆ, ನನ್ನ ಕಣ್ಣೆದುರಿಗೇ, ಅನುಮಾನ—ತಮ್ಮ ಮೇಲೆಯೇ. "ಹೇಳಿದ್ನಾ?" ಎಂದರು, ಬೇರೆ ಯಾರನ್ನೋ ಕೇಳುವ ಹಾಗೆ.

ಅಂದಿನಿಂದ ಅಕ್ಕ ಅವರ ಜೊತೆ ಮಾತು ಬಿಟ್ಟಳು. ಕೆಲವು ತಿಂಗಳಲ್ಲಿ ಅತ್ತೆ ಮಲ್ಲೇಶ್ವರದಲ್ಲಿದ್ದ ತಮ್ಮ ಮೈದುನನ ಮನೆಗೆ ಹೊರಟುಹೋದರು. ಯಾರೂ ಹೋಗಿ ಅನ್ನಲಿಲ್ಲ. ಇರಿ ಅಂತಲೂ ಅನ್ನಲಿಲ್ಲ. ಮೊಕದ್ದಮೆ ಎಳೆಯುತ್ತ ಹೋಯಿತು. ಅನು ಅಕ್ಕನ ಹತ್ತಿರ ಇರಲು ಬರುವ ಹೊತ್ತಿಗೆ ಎತ್ತರದ ಹುಡುಗಿಯಾಗಿದ್ದಳು. ತನ್ನ ಅಮ್ಮನನ್ನು "ನೀವು" ಎಂದು ಕರೆದಳು. ಅಕ್ಕ ಒಳಗೆ ಹೋಗಿ ಬಹಳ ಹೊತ್ತು ನಲ್ಲಿಯ ನೀರು ಬಿಟ್ಟುಕೊಂಡು ನಿಂತಿದ್ದಳು.

ಪದ್ದತ್ತೆಯನ್ನು ಮದುವೆ ಮುಂಜಿಗಳಲ್ಲಿ ನೋಡುತ್ತಿದ್ದೆ. ಪ್ರತಿ ಸಲ ಆ ಮಾತು ಬರುತ್ತಿತ್ತು, ಪ್ರತಿ ಸಲ ಅದಕ್ಕೆ ಸ್ವಲ್ಪ ಮೈ ತುಂಬಿಕೊಂಡಿರುತ್ತಿತ್ತು. ಮೊದಲು, "ಹೇಳಿದ್ರೂ ಹೇಳಿರ್ಬಹುದು." ಮುಂದೊಂದು ವರ್ಷ, "ಹೇಳಿರ್ಲೇಬೇಕು, ಇನ್ಯಾರು?" ಆಮೇಲೆ ಶಾರದಮ್ಮನ ಬುಟ್ಟಿ ಬಂತು, ಗೇಟಿನ ಚಿಲಕ ಬಂತು. ನಾನು ಕೊಟ್ಟ ಅರ್ಧ ವಾಕ್ಯದಿಂದ ಅವರು ಒಂದು ಇಡೀ ಬೆಳಗನ್ನೇ ಕಟ್ಟಿಕೊಂಡರು. ಅದನ್ನು ನೋಡುತ್ತ ನನಗಾದ ಭಯವೇ ಬೇರೆ. ಕಳ್ಳತನ ಮಾಡಿದವಳಿಗೆ ಸಿಕ್ಕಿಬೀಳುವ ಭಯವಿರುತ್ತದೆ. ನನಗೆ, ನಾನು ಎಂದೂ ಸಿಕ್ಕಿಬೀಳುವುದಿಲ್ಲ ಎಂಬ ಭಯ.

ಮೊನ್ನೆ ಮಲ್ಲೇಶ್ವರಕ್ಕೆ ಹೋದೆ. ಅವರೆಕಾಯಿಯ ಕಾಲ. ಅತ್ತೆ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತ ಕೂತಿದ್ದರು. "ಏನೇ ಮೇಡಮ್ಮು, ದಾರಿ ತಪ್ಪಿ ಬಂದ್ಯಾ?" ಎಂದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮನೆಯ ಇಂಟರ್ನೆಟ್ಟಿಗೆ ಒಂದು ಹೆಸರಿರುತ್ತೆ ಅತ್ತೆ, ಗೇಟಿನ ಕಲ್ಲಿನ ಮೇಲೆ ಮನೆಯ ಹೆಸರು ಕೆತ್ತಿರ್ತಾರಲ್ಲ, ಹಾಗೆ, ಬಂದವರಿಗೆಲ್ಲ ಕಾಣುತ್ತೆ. ಅದಕ್ಕೆ ಅನು ಹೇಳಿದ ಹೆಸರಿಟ್ಟವಳು ನಾನು. ಭಾವ ಅದನ್ನು ಓದಿದ್ದನ್ನು ನೋಡಿದವಳು ನಾನು. ಸುಮ್ಮನಿದ್ದವಳು, ನಿಮ್ಮ ಮೇಲೆ ಹಾಕಿದವಳು—

"ಸುಮ್ನಿರೇ" ಎಂದರು ಅತ್ತೆ. ಕೈ ನಿಲ್ಲಿಸಲಿಲ್ಲ. "ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡ. ಮಗು ಬಂದಿದೆ ಶಾರದಮ್ಮ, ಇವತ್ತು ಒಂದು ಮೊಳ ಜಾಸ್ತಿ ಕೊಡು ಅಂತ ಈ ಬಾಯಲ್ಲೇ ಅಂದಿದೀನಿ. ನಂಗೊತ್ತಿಲ್ವಾ?"

ಒಂದು ಗಳಿಗೆ—ನಾಚಿಕೆಯಿಂದ ಬರೆಯುತ್ತಿದ್ದೇನೆ—ಅವರ ಮಾತು ನಿಜವಿರಬಹುದಲ್ಲ ಎಂದು ನನ್ನ ಮನಸ್ಸು ಹಾರಿತು. ಹಾಗಿದ್ದರೂ ನಾನು ಮಾಡಿದ್ದು ಒಂದು ಕೂದಲಿನಷ್ಟೂ ಕಡಿಮೆಯಾಗುವುದಿಲ್ಲ. ಆ ಬೆರಳು ಗಾಳಿಯಲ್ಲಿ ನಿಂತದ್ದನ್ನು ನೋಡಿದವಳು ನಾನೊಬ್ಬಳೇ. ಈ ಭಾನುವಾರ ಸುಧಕ್ಕನ ಮನೆಗೆ ಹೋಗುತ್ತೇನೆ, ಅನುವೂ ಇರುತ್ತಾಳೆ. ಇಬ್ಬರ ಮುಂದೆಯೂ ಹೇಳುತ್ತೇನೆ. ಅವರು ನನ್ನನ್ನು ಹೇಗೆ ನೋಡಬೇಕೋ ಹಾಗೆ ನೋಡಲಿ.

ಆದರೆ ಅವತ್ತು, ಎದ್ದು ಹೊರಡುವ ಮೊದಲು, ಅತ್ತೆಯ ಒದ್ದೆ ಕೈ ಹಿಡಿದುಕೊಂಡು ಕೇಳಿದೆ.

"ಒಂದು ಮೊಳ ಜಾಸ್ತಿ ಕೊಡು ಅಂದ್ರಲ್ಲ ಅತ್ತೆ, ಆಗ ಶಾರದಮ್ಮ ಏನಂದ್ಲು?"

ಅವರು ಹೇಳಲು ಬಾಯಿ ತೆರೆದರು. ನನ್ನ ಮುಖ ನೋಡಿದರು. ಬೆರಳುಗಳ ನಡುವಿನ ಕಾಳು ಜಾರಿ ನೀರಿಗೆ ಬಿತ್ತು. ಅವರು ಕಟ್ಟಿಕೊಂಡ ಆ ಬೆಳಗಿನಲ್ಲಿ ಶಾರದಮ್ಮನ ಉತ್ತರವೇ ಇರಲಿಲ್ಲವೇನೋ. ನಾನು ಕಾದೆ. ಈಗಲೂ ಕಾಯುತ್ತಿದ್ದೇನೆ.