ಹುಟ್ಟಿನ ಪಟ್ಟಿ

ಕೆಟ್ಟ ಆಟಗಳನ್ನು ಹುಡುಕಿ ಆಡುವುದು ನಮ್ಮ ಭಾನುವಾರದ ಚಟವಾಗಿತ್ತು. ಸದಾಶಿವನಗರದ ನಮ್ಮ ಮನೆಯ ಊಟದ ಮೇಜಿನ ಸುತ್ತ ಮೂರೇ ಜನ: ನಾನು, ನನ್ನ ಹೆಂಡತಿ, ಕುಣಿಗಲ್‌ನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಕಾಲೇಜು ಗೆಳೆಯ. ಒಬ್ಬೊಬ್ಬರೂ ಒಂದು ಪಾತ್ರ ಕಟ್ಟಿಕೊಂಡು, ದಾಳ ಉರುಳಿಸಿ, ಬಾಯಲ್ಲೇ ಕಥೆ ನಡೆಸುವ ಆಟಗಳಿವು. ಒಳ್ಳೆಯವೂ ಇವೆ. ನಮಗೆ ಬೇಕಾಗಿದ್ದದ್ದು ಇಂಟರ್ನೆಟ್‌ನಲ್ಲಿ ಜನ ಬಾಯಿಗೆ ಬಂದಂತೆ ಬೈದಿರುವಂಥವು.

ಅವುಗಳಲ್ಲೇ ಅತಿ ಕೆಟ್ಟದ್ದೊಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ತಂದೆ. ಇಂಗ್ಲಿಷಿನ ಆ ಪುಸ್ತಕದಲ್ಲಿ ಒಂದು ಕತ್ತಿಯೇಟಿಗೆ ಐದು ಪಟ್ಟಿ ನೋಡಬೇಕು, ಬೂಟಿನ ತೂಕ ಕಳೆಯಬೇಕು, ಕೊನೆಗೆ ವರ್ಗಮೂಲ ತೆಗೆಯಬೇಕು. ಗಣಿತದ ಮೇಷ್ಟ್ರಾದ ಗೆಳೆಯನೇ ತಲೆ ಚಚ್ಚಿಕೊಂಡ. ಅದರಲ್ಲಿ ಹುಟ್ಟಿನ ಪಟ್ಟಿ ಅಂತಲೂ ಒಂದಿತ್ತು. ಯಾವ ಕುಲದಲ್ಲಿ ಹುಟ್ಟುತ್ತೀರಿ ಅನ್ನುವುದನ್ನು ದಾಳ ಹೇಳುತ್ತದೆ. ಕೀಳು ಕುಲವಾದರೆ ಬುದ್ಧಿಯಲ್ಲಿ ಮೂರು ಕಡಿತ, ಹೆಂಗಸಾದರೆ ಬಲದಲ್ಲಿ ನಾಲ್ಕು.

“ನಾಲ್ಕೇನಾ? ನಮ್ಮ ಆಫೀಸಲ್ಲಿ ಇನ್ನೂ ಜಾಸ್ತಿ ಕಟ್ ಮಾಡ್ತಾರೆ ಬಿಡಿ,” ಅಂದಳು ಹೆಂಡತಿ. ಗೆಳೆಯ ಪುಸ್ತಕವನ್ನು ಒಂದು ವಾರ ಮನೆಗೊಯ್ದು ಓದಿ ವಾಪಸ್ ಕೊಟ್ಟ.

ಇನ್ನಷ್ಟು ನಗು ಬರಲಿ ಅಂತ ನಾನು ಅದನ್ನು ಕನ್ನಡಕ್ಕೆ ತಂದೆ. ಕೋಟೆಯ ಜಾಗಕ್ಕೆ ಗುಬ್ಬಿ ಪೇಟೆ ಬಂತು, ಕಾಡಿನ ಜಾಗಕ್ಕೆ ಕಡಬದ ತೆಂಗಿನ ತೋಟ. ಪರದೇಶದ ಕುಲಗಳನ್ನು ತೆಗೆದು ನಮ್ಮ ಕೇರಿಗಳನ್ನು ಹಾಕಿದೆ. ಹಾಕುವಾಗ ಎರಡು ಸಲ ಯೋಚಿಸಲಿಲ್ಲ. ನನ್ನ ಮನೆ ಪಟ್ಟಿಯ ಮೇಲ್ತುದಿಯಲ್ಲಿತ್ತು, ಅದಕ್ಕೇ ಇರಬೇಕು.

ಅದನ್ನು ಆಡಲು ಕೂತ ಮಧ್ಯಾಹ್ನ ಗೆಳೆಯನ ದಾಳಕ್ಕೆ ಒಂದು ಬಿತ್ತು. ಊರಾಚೆಯ ಕೇರಿ. ನಾನು ಜೋರಾಗಿ ಓದಿ ನಕ್ಕೆ. ಅವನೂ ಸ್ವಲ್ಪ ನಕ್ಕ. ಕಡಬದಲ್ಲಿ ಅವನು ಹುಟ್ಟಿದ ಮನೆಯಿರುವುದೂ ಅಂಥದೇ ಕೇರಿಯಲ್ಲಿ. ಗೊತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ, ಗೊತ್ತಿತ್ತು. ನಮ್ಮ ನಡುವೆ ಅದೆಲ್ಲ ಇಲ್ಲ ಎಂದು ನಾನೊಬ್ಬನೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದೆ.

ಆಟದಲ್ಲಿ ಅವನ ಪಾತ್ರಕ್ಕೆ ಬಾಯಾರಿತು. “ಬಾವಿ ಹತ್ರ ಹೋಗ್ತೀನಿ,” ಅಂದ. ನಾನು ಹಾಳೆ ತಿರುವಿ ನಿಯಮ ಓದಿದೆ. ಆ ಕೇರಿಯವರು ಹಗ್ಗ ಮುಟ್ಟಬೇಕಾದರೆ ಮೂರು ದಾಳ ಹಾಕಬೇಕು, ಸೋತರೆ ಪೆಟ್ಟು. ಹಾಕಿದ, ಸೋತ. ಎಷ್ಟು ಪೆಟ್ಟು ಅನ್ನುವುದಕ್ಕೂ ಪಟ್ಟಿಯಿತ್ತು. ಬೆರಳಿಟ್ಟು ಹುಡುಕತೊಡಗಿದೆ.

“ಸಾಕು, ನಿಲ್ಸಿ,” ಅಂದಳು ಹೆಂಡತಿ.

“ನಾನೇನ್ ಮಾಡ್ಲಿ ಕಣೇ? ಬುಕ್ಕಲ್ಲಿರೋದೇ ಹಂಗೆ.”

ಗೆಳೆಯ ದಾಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. “ಬುಕ್ ಪೂರ್ತಿ ಓದಿದೀನಿ ಕಣೋ. ಅದ್ರಲ್ಲಿ ಬಾವಿ ಇಲ್ಲ,” ಅಂದ.

ಇರಲಿಲ್ಲ. ನಮ್ಮ ತಾತನ ಕಾಲದ ಬಾವಿಯ ಬಗ್ಗೆ ಮನೆಯಲ್ಲಿ ಕೇಳಿದ್ದನ್ನು ತಮಾಷೆಗೆಂದು ನಾನೇ ಸೇರಿಸಿದ್ದೆ. ಅವನು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ತಾನೇ ನೋಡಿದ.

“ಹನ್ನೆರಡು,” ಅಂದ. “ನಮ್ಮಪ್ಪಂಗೆ ಇಷ್ಟು ಬಿದ್ದಿರ್ಲಿಲ್ಲ.”

ಹಾಳೆಯನ್ನು ಮೇಜಿನ ಮೇಲಿಟ್ಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಕುಣಿಗಲ್ ಬಸ್ಸಿಗೆ ಹೊರಟ. ಈಗಲೂ ಫೋನ್ ಮಾಡಿದರೆ ಎತ್ತುತ್ತಾನೆ, ಚೆನ್ನಾಗಿಯೇ ಮಾತಾಡುತ್ತಾನೆ. ಮನೆಗೆ ಮಾತ್ರ ಬಂದಿಲ್ಲ. ಬಾ ಅನ್ನಲು ನನಗೆ ಮುಖವಿಲ್ಲ.